ಫಿಕ್ಸ್‌ಮೈಸ್ಟ್ರೀಟ್: ಐದು ಚಳಿಗಾಲ, ಹದಿನೇಳು ಗುಂಡಿ

ಇಂಗ್ಲೆಂಡಿನ ರಸ್ತೆಯಲ್ಲಿ ಗುಂಡಿ ಇರುವುದಿಲ್ಲ ಅಂದುಕೊಂಡೇ ಇಲ್ಲಿಗೆ ಬಂದಿದ್ದೆ. ಮೊದಲ ಫೆಬ್ರವರಿಯಲ್ಲೇ ಸೈಕಲ್ಲಿನ ಮುಂದಿನ ಚಕ್ರ ಸೊಟ್ಟಗಾಯಿತು. ಬಿರುಕಿಗೆ ಇಳಿದ ನೀರು ರಾತ್ರಿ ಹೆಪ್ಪುಗಟ್ಟಿ ಉಬ್ಬುತ್ತದೆ, ಹಗಲು ಕರಗುತ್ತದೆ, ಡಾಂಬರು ಸಡಿಲವಾಗಿ ಕಿತ್ತುಬರುತ್ತದೆ. ನಮ್ಮೂರಲ್ಲಿ ಮಳೆ ಮಾಡುವ ಕೆಲಸವನ್ನು ಇಲ್ಲಿ ಚಳಿಯೂ ಸೇರಿ ಮಾಡುತ್ತದೆ, ಅಷ್ಟೇ.

ಗುಂಡಿ, ಕಸದಂಥ ದೂರುಗಳನ್ನು ಕೌನ್ಸಿಲ್‌ಗೆ, ಅಂದರೆ ಇಲ್ಲಿನ ಸ್ಥಳೀಯ ಆಡಳಿತಕ್ಕೆ, ತಲುಪಿಸುವ ಫಿಕ್ಸ್‌ಮೈಸ್ಟ್ರೀಟ್ ಆಪ್ ಬಳಸಲು ಶುರು ಮಾಡಿದ್ದು ಆಗಲೇ. ಮೈಸೊಸೈಟಿ ಅನ್ನುವ ಸಂಸ್ಥೆ 2007ರಿಂದ ನಡೆಸುತ್ತಿದೆ, ಪುಕ್ಕಟೆ. ನಕ್ಷೆಯಲ್ಲಿ ಜಾಗ ಒತ್ತಿ ಫೋಟೋ ಹಾಕಿದರೆ ಆಯಿತು. ನಮ್ಮ ಕಡೆ ರಸ್ತೆ ಕೌಂಟಿ ಕೌನ್ಸಿಲ್ಲಿನದು, ಕಸ ಡಿಸ್ಟ್ರಿಕ್ಟ್ ಕೌನ್ಸಿಲ್ಲಿನದು. ನನಗೆ ಈ ಲೆಕ್ಕ ಇನ್ನೂ ಗೊಂದಲ, ದೂರು ಮಾತ್ರ ಸರಿಯಾದ ಕಡೆಗೇ ಹೋಗುತ್ತದೆ.

ನಾನು ದೂರು ಕೊಟ್ಟ ಹದಿನೇಳರಲ್ಲಿ ಹನ್ನೊಂದು ಗುಂಡಿ ಮುಚ್ಚಿದ್ದಾರೆ. ಒಂದಕ್ಕೆ ಮೂರೇ ದಿನ, ಇನ್ನೊಂದಕ್ಕೆ ಏಳು ತಿಂಗಳು. ಐದಕ್ಕೆ ‘ಇನ್ನೂ ಅಷ್ಟು ಆಳವಾಗಿಲ್ಲ’ ಅನ್ನುವ ಉತ್ತರ. ಹಲವು ಕೌನ್ಸಿಲ್‌ಗಳು ಸುಮಾರು 40 ಮಿಲಿಮೀಟರ್ ಆಳವಾಗುವ ತನಕ ಕೈ ಹಾಕುವುದಿಲ್ಲ. ಇದು ತಿಳಿದ ಮೇಲೆ ‘ದೊಡ್ಡ ಗುಂಡಿ’ ಅಂತ ಸುಮ್ನೆ ಬರೆಯುವುದು ಬಿಟ್ಟೆ. ಪಕ್ಕದ ದೀಪದ ಕಂಬದ ನಂಬರು, ಸೈಕಲ್ ಹೋಗುವ ಅಂಚಿನಲ್ಲಿದೆ ಅನ್ನುವುದು, ಇವನ್ನು ಬರೆಯುತ್ತೇನೆ. ಅಳೆಯಲು ರಸ್ತೆಗೆ ಇಳಿಯಬೇಡಿ ಮಾರಾಯ್ರೇ!

ಬೇಸರ ಏನಿದ್ದರೂ ತೇಪೆಯದು. ಗುಂಡಿಯ ಸುತ್ತ ಬಣ್ಣದಲ್ಲಿ ಚೌಕ ಬರೆದು ಹೋಗುತ್ತಾರೆ, ಆಮೇಲೆ ಬಂದವರು ಅದರೊಳಗಿನದನ್ನು ಮಾತ್ರ ಮುಚ್ಚುತ್ತಾರೆ. ಗೇಣು ದೂರದ ಇನ್ನೊಂದು ಗುಂಡಿ ಬಾಯಿ ಬಿಟ್ಟುಕೊಂಡು ಹಾಗೇ ಇರುತ್ತದೆ. ಅದಕ್ಕೆ ಬೇರೆ ದೂರು ಕೊಡಬೇಕು. ಆಪ್ ಏನು ಮಾಡೀತು, ಅಲ್ವಾ?

ಇದರ ನಿಜವಾದ ಲಾಭ ತಿಳಿದದ್ದು ಪಕ್ಕದ ಮನೆಯವರ ಟೈರು ಒಡೆದಾಗ. 1980ರ ಹೈವೇಸ್ ಆಕ್ಟ್ ಪ್ರಕಾರ ರಸ್ತೆ ಕಾಪಾಡುವುದು ಕೌನ್ಸಿಲ್ ಹೊಣೆ. ಆದರೆ ‘ತಪಾಸಣೆ ಸರಿಯಾಗಿ ಮಾಡುತ್ತಿದ್ದೆವು, ಈ ಗುಂಡಿ ನಮಗೆ ಗೊತ್ತಿರಲಿಲ್ಲ’ ಎಂದು ತೋರಿಸಿದರೆ ಪರಿಹಾರ ಕೊಡಬೇಕಿಲ್ಲ. ಪಕ್ಕದ ಮನೆಯವರು ಪರಿಹಾರ ಕೇಳಿದಾಗಲೂ ಅದೇ ಉತ್ತರ ಬಂತು. ಆದರೆ ಫಿಕ್ಸ್‌ಮೈಸ್ಟ್ರೀಟಿನ ದೂರುಗಳು ಎಲ್ಲರಿಗೂ ಕಾಣುತ್ತವೆ. ಹುಡುಕಿದರೆ, ಆರು ವಾರ ಮೊದಲೇ ಯಾರೋ ಅದೇ ಗುಂಡಿಯ ಫೋಟೋ ಹಾಕಿದ್ದರು, ತಾರೀಖಿನ ಸಮೇತ. ಅದನ್ನು ಲಗತ್ತಿಸಿ ಮತ್ತೆ ಬರೆದರು. ಟೈರಿನ ದುಡ್ಡು ಬಂತು.

ದೂರು ಕೊಟ್ಟು ನಾಲ್ಕು ವಾರಕ್ಕೆ ‘ಸರಿಯಾಯಿತೇ?’ ಎಂದು ಇಮೇಲ್ ಬರುತ್ತದೆ. ಹದಿನೇಳನೆಯದು ಮೊನ್ನೆ ಬಂತು. ಚೌಕ ಬರೆದಿದ್ದಾರೆ, ಗುಂಡಿ ಹಾಗೇ ಇದೆ.