6 ವರ್ಷ ಬಳಸಿದ ಡ್ರಿಪ್ ಕಾಫಿ ಮೇಕರ್: ಶುಚಿಗೊಳಿಸುವಿಕೆಯ ಅನುಭವ

10 ಕಪ್ ಹಿಡಿಯುವ ಈ ಡ್ರಿಪ್ ಕಾಫಿ ಮೇಕರ್ ನಮ್ಮ ಅಡುಗೆಮನೆಗೆ ಬಂದು 6 ವರ್ಷವಾಯಿತು. ದಿನಕ್ಕೆ ಎರಡು ಬಾರಿಯಾದರೂ ಓಡುವ ಯಂತ್ರ ಇದುವರೆಗೆ ರಿಪೇರಿಗೆ ಹೋಗಿಲ್ಲ. ಕೊಳ್ಳುವ ಮುನ್ನ ನಾನು ಓದಿದ ವಿಮರ್ಶೆಗಳು ಮೊದಲ ವಾರದ ಕಾಫಿಯನ್ನು ಹೊಗಳಿದ್ದವೇ ಹೊರತು, ಎರಡನೆಯ ವರ್ಷದಲ್ಲಿ ಅದೇ ಕಾಫಿ ಏಕೆ ಸಪ್ಪೆಯಾಗುತ್ತದೆ ಎಂಬುದನ್ನು ಒಂದೂ ಹೇಳಿರಲಿಲ್ಲ.

ನನ್ನಲ್ಲಿ ಅದು ಶುರುವಾದದ್ದು 14ನೆಯ ತಿಂಗಳಿನಲ್ಲಿ. ಒಂದು ಲೀಟರ್ ನೀರನ್ನು 8 ನಿಮಿಷದಲ್ಲಿ ಇಳಿಸುತ್ತಿದ್ದ ಯಂತ್ರ 13 ನಿಮಿಷ ತೆಗೆದುಕೊಳ್ಳತೊಡಗಿತು. ಗೊರಗೊರ ಸದ್ದು ಜೋರಾಯಿತು, ಮುಚ್ಚಳದ ಸಂದಿನಿಂದ ಹಬೆ ನುಗ್ಗಿತು. ಇಂಥ ಯಂತ್ರದೊಳಗೆ ಪಂಪ್ ಇಲ್ಲ: ಬಿಸಿ ತಟ್ಟೆಯ ಅಡಿಯಲ್ಲಿ ಬಾಗಿಸಿ ಕೂರಿಸಿದ ಅಲ್ಯೂಮಿನಿಯಂ ಕೊಳವೆಯಲ್ಲಿ ನೀರು ಕುದಿದಾಗ ಏಳುವ ಗುಳ್ಳೆಗಳೇ ಬಿಸಿನೀರನ್ನು ಮೇಲಕ್ಕೆ ತಳ್ಳುತ್ತವೆ, ಅದು ಟ್ಯಾಂಕಿಗೆ ಹಿಂದಿರುಗದಂತೆ ಪುಟ್ಟದೊಂದು ಏಕಮುಖ ಕವಾಟ ತಡೆಯುತ್ತದೆ. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಒಡೆದು, ಕರಗದ ಕಾರ್ಬೊನೇಟ್ ಆಗಿ ಆ ಕೊಳವೆಯ ಒಳಗೋಡೆಗೆ ಅಂಟುತ್ತದೆ. ಪೊರೆ ದಪ್ಪವಾದಷ್ಟೂ ಶಾಖ ನೀರನ್ನು ತಲುಪುವುದು ತಡವಾಗುತ್ತದೆ.

ಕೈಪಿಡಿ ಹೇಳಿದಂತೆ ಮೊದಲು ಒಂದು ಪಾಲು ವಿನೆಗರ್‌ಗೆ ಎರಡು ಪಾಲು ನೀರು ಬೆರೆಸಿ ಓಡಿಸಿದೆ. ಪೊರೆ ಕರಗಿತಾದರೂ ಆ ವಾಸನೆ ಒಳಗಿನ ಸಿಲಿಕೋನ್ ಕೊಳವೆಯಲ್ಲಿ ಕುಳಿತು, ನಾಲ್ಕು ಟ್ಯಾಂಕ್ ಬರಿಯ ನೀರು ಹಾಯಿಸಿದರೂ ಕಾಫಿಯಲ್ಲಿ ಇಣುಕುತ್ತಲೇ ಇತ್ತು. ಆಮೇಲೆ ನಿಂಬೆ ಉಪ್ಪಿಗೆ, ಅಂದರೆ ಸಿಟ್ರಿಕ್ ಆಮ್ಲಕ್ಕೆ, ಬದಲಾದೆ. ಲೀಟರಿಗೆ 25 ಗ್ರಾಂ ಸಾಕು. ಅದರಲ್ಲೂ ಒಮ್ಮೆ ಎಡವಿದೆ. ಹೆಚ್ಚು ಬಿಸಿಯಿದ್ದರೆ ಹೆಚ್ಚು ಶುದ್ಧಿ ಎಂದುಕೊಂಡು ದ್ರಾವಣವನ್ನು ಒಂದು ಗಂಟೆ ಕಾಯಿಸಿಟ್ಟಾಗ ಜಗ್‌ನ ತಳದಲ್ಲಿ ನುಣ್ಣನೆಯ ಬಿಳಿ ಮರಳು ಕಾಣಿಸಿತು. ಅದು ಕ್ಯಾಲ್ಸಿಯಂ ಸಿಟ್ರೇಟ್. ಬಿಸಿ ಏರಿದಂತೆ ಅದು ಕರಗುವುದು ಕಡಿಮೆಯಾಗುತ್ತದೆ. ಈಗ ಅರ್ಧ ದ್ರಾವಣ ಇಳಿದೊಡನೆ ಯಂತ್ರವನ್ನು ಆರಿಸಿ, ಅರ್ಧ ಗಂಟೆ ಬಿಟ್ಟು ಉಳಿದದ್ದನ್ನು ಓಡಿಸಿ, ಎರಡು ಟ್ಯಾಂಕ್ ಶುದ್ಧ ನೀರು ಹಾಯಿಸುತ್ತೇನೆ.

ಇಷ್ಟಾದರೂ ಕಾಫಿಯ ಕಮಟು ಹೋಗಲಿಲ್ಲ. ಸುಣ್ಣದ ಪೊರೆಯಷ್ಟೇ ಕೊಳೆ ಎಂದು ನಂಬಿದ್ದ ನನಗೆ, ಕಾಫಿಯ ಎಣ್ಣೆಯಂಶವನ್ನು ಆಮ್ಲ ಕರಗಿಸುವುದಿಲ್ಲ ಎಂಬುದು ಹೊಳೆದದ್ದು ಆಗಲೇ. ಕಾಗದದ ಫಿಲ್ಟರ್ ಈ ಎಣ್ಣೆಯನ್ನು ಬಹುಮಟ್ಟಿಗೆ ಹಿಡಿದಿಡುತ್ತದೆ. ನಾನು ಬಳಸುವ ಉಕ್ಕಿನ ಜಾಲರಿ ಹಿಡಿಯದು. ಜಾಲರಿಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಾಗ ಕೆಳಗಿನ ಎರಡು ಬೆರಳಗಲ ಪೂರ್ತಿ ಕಪ್ಪಾಗಿತ್ತು, ಒಂದು ಕಣ್ಣೂ ತೆರೆದಿರಲಿಲ್ಲ. ಸೋಡಿಯಂ ಪರ್ಕಾರ್ಬೊನೇಟ್ ಎಂಬ, ಕಲೆ ತೆಗೆಯುವ ಕ್ಷಾರೀಯ ಪುಡಿ ಬೆರೆಸಿದ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿದ ಮೇಲೆ ನೀರು ಕಡು ಕಂದಾಯಿತು, ಜಾಲರಿ ಮತ್ತೆ ಹೊಳೆಯಿತು. ಕ್ಷಾರವು ಅಲ್ಯೂಮಿನಿಯಂ ಅನ್ನು ತಿನ್ನುವುದರಿಂದ ಈ ಪುಡಿಯನ್ನು ಎಂದೂ ಟ್ಯಾಂಕಿಗೆ ಹಾಕಬಾರದು. ಜಾಲರಿ, ಗಾಜಿನ ಜಗ್ ಇವುಗಳಿಗೆ ಮಾತ್ರ ಅದು ಸೀಮಿತ.

ವಿನ್ಯಾಸದ ಬಗ್ಗೆ ನನ್ನ ದೊಡ್ಡ ದೂರು ಟ್ಯಾಂಕಿನದು. ಅದನ್ನು ಬಿಚ್ಚಿ ತೆಗೆಯಲಾಗದು, ಹಿಂಬದಿಯ ಮೂಲೆಗೆ ಕೈ ಹೋಗದು. ಒಮ್ಮೆ ನೀರನ್ನು ಉಳಿಸಿ 10 ದಿನ ಮನೆ ಬಿಟ್ಟಿದ್ದಾಗ ಅಲ್ಲಿ ಲೋಳೆ ಕಟ್ಟಿ, ಬಾಟಲಿ ತೊಳೆಯುವ ಉದ್ದನೆಯ ಬ್ರಷ್ ಹುಡುಕಬೇಕಾಯಿತು. ಅಂದಿನಿಂದ ಬಳಕೆಯಾದ ಮೇಲೆ ಮುಚ್ಚಳವನ್ನು ತೆರೆದೇ ಇಡುತ್ತೇನೆ. ಜಗ್‌ನ ಮುಚ್ಚಳವೂ ಎರಡು ಪದರದ್ದಾಗಿ ನಡುವೆ ನೀರು ನಿಲ್ಲುತ್ತದೆ, ಅದನ್ನು ತಲೆಕೆಳಗಾಗಿಸಿ ಒಣಗಿಸದೆ ಬೇರೆ ದಾರಿಯಿಲ್ಲ.

ಶುಚಿಗೊಳಿಸಲು ನೆನಪಿಸುವ ಕೆಂಪು ದೀಪ ಎಷ್ಟು ಬಾರಿ ಕಾಫಿ ಮಾಡಿದಿರಿ ಎಂಬುದನ್ನಷ್ಟೇ ಎಣಿಸುತ್ತದೆ. ನೀರು ಎಷ್ಟು ಗಡಸು ಎಂಬುದು ಅದಕ್ಕೆ ತಿಳಿಯದು. ಹಾಗಾಗಿ ತಿಂಗಳಿಗೊಮ್ಮೆ ಒಂದು ಲೀಟರ್ ಇಳಿಯುವ ಹೊತ್ತನ್ನು ಗಡಿಯಾರ ನೋಡಿ ಬರೆದಿಡುತ್ತೇನೆ, 10 ನಿಮಿಷ ದಾಟಿದರೆ ನಿಂಬೆ ಉಪ್ಪಿನ ಸರದಿ. ಟ್ಯಾಂಕ್ ಬಿಚ್ಚಲು ಬರುವಂತಿದ್ದರೆ ಇದೇ ಯಂತ್ರವನ್ನು ಎರಡನೆಯ ಬಾರಿಯೂ ಕೊಳ್ಳುತ್ತಿದ್ದೆ. ಕಳೆದ ವಾರದ ಲೆಕ್ಕ 8 ನಿಮಿಷ 20 ಸೆಕೆಂಡು.