ನ್ಯಾಚುರಲ್ ಮೇಕಪ್: ಎರಡು ವರ್ಷದ ಬಳಕೆಯ ನಂತರ ಏನು ಇಟ್ಟುಕೊಂಡೆ, ಏನು ಬಿಟ್ಟೆ

‘ನ್ಯಾಚುರಲ್’, ‘ನಾನ್-ಟಾಕ್ಸಿಕ್’ ಎಂದು ಮಾರುವ ಮೇಕಪ್ ಬಳಸಲು ಶುರುಮಾಡಿ ಎರಡು ವರ್ಷಕ್ಕಿಂತ ಜಾಸ್ತಿ ಆಯಿತು. ಕಾಡಿಗೆ, ಲಿಪ್‌ಸ್ಟಿಕ್, ಫೌಂಡೇಶನ್, ಪೌಡರ್, ಕೊನೆಗೆ ಹಣೆಗಿಡುವ ಕುಂಕುಮದವರೆಗೂ ಬದಲಾಯಿಸಿ ನೋಡಿದೆ. ನನ್ನ ಅನುಭವದಲ್ಲಿ ಡಬ್ಬಿಯ ಮುಂದೆ ಬರೆದಿರುವುದಕ್ಕೆ ಬೆಲೆ ಇಲ್ಲ. ಹಿಂದೆ ಸಣ್ಣ ಅಕ್ಷರದಲ್ಲಿ ಇರುವ, ಒಳಗೆ ಏನೇನು ಹಾಕಿದ್ದಾರೆ ಎಂಬ ಪಟ್ಟಿಯನ್ನೇ ನಂಬಬೇಕು. ಆ ಪಟ್ಟಿ ಚೆನ್ನಾಗಿದ್ದರೆ ದುಡ್ಡು ಜಾಸ್ತಿಯಾದರೂ ಕೊಡಬಹುದು.

ಕಂಪನಿಗಳ ಹೆಸರು ಬರೆಯುವುದಿಲ್ಲ. ಒಂದೇ ಹೆಸರಿನ, ಒಂದೇ ಬಣ್ಣದ ಲಿಪ್‌ಸ್ಟಿಕ್‌ನ ಪಟ್ಟಿ ಈ ಅವಧಿಯಲ್ಲೇ ಬದಲಾಗಿದ್ದನ್ನು ನೋಡಿದ್ದೇನೆ. ಇವತ್ತು ಹೆಸರು ಹೇಳಿದರೆ ನಾಳೆ ನೀವು ಕೊಳ್ಳುವುದು ಬೇರೆಯದೇ ಆಗಿರಬಹುದು. ಯಾವ ವಸ್ತು ಹೇಗೆ ನಡೆದುಕೊಂಡಿತು ಅಂತ ಹೇಳುತ್ತೇನೆ, ಅದು ಹೆಚ್ಚು ಉಪಯೋಗ.

ನಾನು ಮೈಸೂರಿನಲ್ಲಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ದಿನಾ ಸ್ವಲ್ಪ ಮೇಕಪ್ ಬೇಕು. ಕಣ್ಣಿನ ರೆಪ್ಪೆ ಒಣಗಿ, ಕೆರೆತ ಶುರುವಾಗಿ, ಸಿಪ್ಪೆ ಏಳುವ ಹಾಗಾಯಿತು. ಚರ್ಮದ ಡಾಕ್ಟರ್ ಬೆನ್ನಿಗೆ ಪ್ಯಾಚ್ ಟೆಸ್ಟ್ ಹಚ್ಚಿದರು. ಅನುಮಾನ ಇರುವ ವಸ್ತುಗಳನ್ನು ಚಿಕ್ಕ ಚಿಕ್ಕ ಪಟ್ಟಿಯಲ್ಲಿ ಅಂಟಿಸಿ 48 ಗಂಟೆ ಬಿಡುತ್ತಾರೆ, ಬೆನ್ನಿಗೆ ನೀರು ತಾಗುವ ಹಾಗಿಲ್ಲ. ನನಗೆ ಸುಗಂಧದ ಮಿಶ್ರಣ ಇದ್ದ ಜಾಗ ಕೆಂಪಾಗಿತ್ತು. ‘ಸೆಂಟ್ ಇರೋದು ಯಾವುದೂ ಬೇಡಮ್ಮ ನಿಮಗೆ. ಗಿಡದಿಂದ ತೆಗೆದ ಸೆಂಟ್ ಆದರೂ ಬೇಡ’ ಎಂದರು.

ಆ ಕೊನೆಯ ಮಾತನ್ನು ‘ನ್ಯಾಚುರಲ್’ ಹುಡುಕುವ ಎಲ್ಲರೂ ಕೇಳಿಸಿಕೊಳ್ಳಬೇಕು. ಗುಲಾಬಿ, ಲ್ಯಾವೆಂಡರ್, ಕಿತ್ತಳೆ ಸಿಪ್ಪೆಯ ಎಣ್ಣೆಗಳಲ್ಲಿ ಲಿನಾಲೂಲ್, ಲಿಮೊನೀನ್, ಜೆರಾನಿಯಾಲ್ ಥರದ, ಅಲರ್ಜಿ ಮಾಡಬಲ್ಲ ಪರಿಮಳದ ಅಂಶಗಳು ತಾವಾಗಿಯೇ ಇರುತ್ತವೆ. ಇದರಲ್ಲಿ ಲಿನಾಲೂಲ್ ಮತ್ತು ಲಿಮೊನೀನ್ ಗಾಳಿ ತಾಗಿ ಹಳೆಯದಾದಂತೆ ಇನ್ನೂ ಜಾಸ್ತಿ ಅಲರ್ಜಿ ಮಾಡುತ್ತವೆ. ಅಂದರೆ ಅರ್ಧ ಖಾಲಿಯಾದ ಹಳೇ ಬಾಟಲಿ ಹೊಸದಕ್ಕಿಂತ ತೊಂದರೆ. ಯುರೋಪಿನಲ್ಲಿ ಇಂಥ 26 ಸುಗಂಧದ ಅಂಶಗಳನ್ನು ಹೆಸರು ಹಿಡಿದು ಲೇಬಲ್ ಮೇಲೆ ಬರೆಯಬೇಕಿತ್ತು. 2023ರಲ್ಲಿ ಆ ಪಟ್ಟಿ 80 ದಾಟಿತು. ನಮ್ಮಲ್ಲಿ ಬಹಳಷ್ಟು ಡಬ್ಬಿಗಳ ಮೇಲೆ ‘ಫ್ರಾಗ್ರೆನ್ಸ್’ ಎಂಬ ಒಂದೇ ಪದ ಇರುತ್ತದೆ, ಒಳಗೆ ಏನೇನು ಇದೆಯೋ ಗೊತ್ತಾಗುವುದಿಲ್ಲ. ಗಂಧ, ಊದಿನಕಡ್ಡಿ, ಮಲ್ಲಿಗೆಯ ಊರಿನಲ್ಲಿ ಹುಟ್ಟಿ ಬೆಳೆದವಳಿಗೆ ಇದು ನಿಜವಾಗಿಯೂ ಬೇಜಾರಿನ ವಿಷಯ. ಈಗ ಮುಖಕ್ಕೆ ಯಾವ ಪರಿಮಳವೂ ಇಲ್ಲ. ಮೈಸೂರು ಮಲ್ಲಿಗೆ ಸಿಕ್ಕ ದಿನ ಒಂದು ಮೊಳ ತಲೆಗೆ ಮುಡಿದುಕೊಳ್ಳುತ್ತೇನೆ, ಅಷ್ಟೇ ಸಾಕು.

ಕಾಡಿಗೆಗೆ ಬರೋಣ. ನಾನು ಅತಿ ಹೆಚ್ಚು ಹುಡುಕಿದ್ದು ಇದನ್ನೇ. ಈಗ ಬಳಸುತ್ತಿರುವ ಕಡ್ಡಿಯಲ್ಲಿ ಹರಳೆಣ್ಣೆ, ಜೇನುಮೇಣ, ವಿಟಮಿನ್ ಇ, ಮತ್ತು ಸಿಐ 77499 ಎಂದು ಬರೆದಿದೆ. ಆ ನಂಬರ್ ನೋಡಿ ಹೆದರಬೇಡಿ, ಅದು ಕಪ್ಪು ಐರನ್ ಆಕ್ಸೈಡ್, ಅಂದರೆ ಕಬ್ಬಿಣದಿಂದ ಬರುವ ಕಪ್ಪು ಬಣ್ಣ. ಉರಿ ಇಲ್ಲ, ಕಣ್ಣಲ್ಲಿ ನೀರು ಇಲ್ಲ, ರೆಪ್ಪೆ ಪೂರ್ತಿ ವಾಸಿಯಾಗಿದೆ. ಆದರೆ ನಿಲ್ಲುವುದಿಲ್ಲ. ಡಿಸೆಂಬರ್‌ನಲ್ಲಿ ಮಧ್ಯಾಹ್ನದವರೆಗೆ ಪರವಾಗಿಲ್ಲ. ಏಪ್ರಿಲ್‌ನಲ್ಲಿ ಎರಡನೇ ಪೀರಿಯಡ್ ಮುಗಿಯುವಷ್ಟರಲ್ಲಿ ಕಣ್ಣಿನ ಕೆಳಗೆ ಇಳಿದಿರುತ್ತದೆ. ರೆಪ್ಪೆಯ ಕೆಳಗೆ ಸ್ವಲ್ಪ ಒಣ ಪೌಡರ್ ಒತ್ತಿ ಆಮೇಲೆ ಹಚ್ಚಿದರೆ ಊಟದ ಹೊತ್ತಿನವರೆಗೆ ತಡೆಯುತ್ತದೆ. ಕರ್ಪೂರ ಹಾಕಿದ ‘ತಂಪು ಕಾಡಿಗೆ’ಯನ್ನೂ ನೋಡಿದೆ. ಆ ತಂಪು ಅನ್ನುವುದು ನನಗೆ ಬರೀ ಉರಿ.

ಕಣ್ಣಿಗೆ ಹಚ್ಚುವ ಪುಡಿ ಸುರ್ಮಾ ಬೇರೆ ವಿಷಯ. ಹಳೆಯ ಕಾಲದ ಸುರ್ಮಾವನ್ನು ಗೆಲೀನಾ ಎಂಬ ಕಲ್ಲಿನಿಂದ ಮಾಡುತ್ತಿದ್ದರು, ಅದು ಸೀಸದ ಸಲ್ಫೈಡ್. ಈಗಲೂ ಲೇಬಲ್ ಇಲ್ಲದ ಪುಟ್ಟ ಶೀಶೆಗಳಲ್ಲಿ ಸಿಗುತ್ತದೆ. ನೂರಕ್ಕೆ ನೂರು ನೈಸರ್ಗಿಕ, ಆದರೆ ಸೀಸ ಸೀಸವೇ. ಮಕ್ಕಳ ಕಣ್ಣಿಗಂತೂ ದಯವಿಟ್ಟು ಬೇಡ.

ನಮ್ಮತ್ತೆ ಮನೆಯಲ್ಲೇ ಕಾಡಿಗೆ ಮಾಡುತ್ತಾರೆ. ಹರಳೆಣ್ಣೆ ದೀಪದ ಮೇಲೆ ಹಿತ್ತಾಳೆ ತಟ್ಟೆ ಬೋರಲು ಹಾಕಿ, ಮಸಿ ಹಿಡಿದು, ತುಪ್ಪದಲ್ಲಿ ಕಲಸುತ್ತಾರೆ. ‘ನಾವೆಲ್ಲ ಇದನ್ನೇ ಹಚ್ಚಿಕೊಂಡು ಬೆಳೆದಿದ್ದು ಕಣಮ್ಮ’ ಎನ್ನುತ್ತಾರೆ. ಸುರ್ಮಾದಂತೆ ಇದು ಸೀಸದ ಕಲ್ಲು ಅಲ್ಲ, ಅದು ನಿಜ. ಆದರೆ ಎಣ್ಣೆ ಅರೆಬರೆ ಉರಿದು ಬರುವ ಮಸಿಯಲ್ಲಿ ಆರೋಗ್ಯಕ್ಕೆ ಒಳ್ಳೆಯದಲ್ಲದ ಪಿಎಎಚ್ ಎಂಬ ಸಂಯುಕ್ತಗಳು ಇರುತ್ತವೆ. ಹಬ್ಬದ ದಿನ ಅವರ ಕೈಯಿಂದ ಹಚ್ಚಿಸಿಕೊಳ್ಳುತ್ತೇನೆ. ದಿನಾ ಹಚ್ಚುವುದಿಲ್ಲ.

ಮೇಕಪ್ ಬಗ್ಗೆ ಇಷ್ಟು ಯೋಚಿಸುವವರೂ ಹಣೆಯನ್ನು ಮರೆಯುತ್ತಾರೆ, ಅಲ್ವಾ? ನಿಜವಾದ ಕುಂಕುಮ ಅಂದರೆ ಅರಿಶಿನವೇ. ಅದಕ್ಕೆ ಸುಣ್ಣ, ಇಲ್ಲವೇ ನಿಂಬೆರಸ ಮತ್ತು ಬಿಳಿಗಾರ ಸೇರಿದಾಗ ಕೆಂಪಾಗುತ್ತದೆ. ದೇವರಾಜ ಮಾರ್ಕೆಟ್‌ನಲ್ಲಿ ರಾಶಿ ಹಾಕಿರುವ ಬಣ್ಣಗಳು ಕಣ್ಣಿಗೆ ಹಬ್ಬ. ಆದರೆ ಅಲ್ಲಿನ ಮಿಂಚುವ ಗುಲಾಬಿ, ನೇರಳೆ ಬಣ್ಣ ಅರಿಶಿನದಿಂದ ಬರಲು ಸಾಧ್ಯವೇ ಇಲ್ಲ. ನಾನು ‘ಹಣೆಗೆ ಇಡೋ ಅರಿಶಿನದ ಕುಂಕುಮ ಕೊಡಿ’ ಎಂದು ಕೇಳಿ, ಮಂಕಾದ ಕೆಂಪಿನದನ್ನು ತರುತ್ತೇನೆ. ಬೆರಳಿಗೆ ಉಜ್ಜಿ ತೊಳೆದರೆ ಹಳದಿ ಕಲೆ ಉಳಿಯುತ್ತದೆ. ಗಾಢ ಗುಲಾಬಿ ಕಲೆ ಉಳಿದರೆ ಅದನ್ನು ಹಣೆಗೆ ಇಡುವುದಿಲ್ಲ.

ಸ್ಟಿಕ್ಕರ್ ಬಿಂದಿ ಪೂರ್ತಿ ಬಿಟ್ಟೆ. ಕೆಲವು ಬಿಂದಿಗಳ ಅಂಟಿನಲ್ಲಿ ಪ್ಯಾರಾ ಟರ್ಷರಿ ಬ್ಯುಟೈಲ್ ಫೀನಾಲ್ ಎಂಬ ರಾಸಾಯನಿಕ ಇರುತ್ತದೆ. ಅದು ಬಣ್ಣ ಮಾಡುವ ಜೀವಕೋಶಗಳಿಗೇ ಹಾನಿ ಮಾಡಿ ಹಣೆಯ ಮೇಲೆ ಬಿಳಿ ಮಚ್ಚೆ ತರಬಹುದು. ಚರ್ಮದ ಡಾಕ್ಟರ್‌ಗಳಿಗೆ ಇದು ಹೊಸ ವಿಷಯ ಅಲ್ಲ. ಹಣೆಯ ಮಧ್ಯೆ ಬಿಂದಿಯ ಗಾತ್ರದಲ್ಲೇ ಚರ್ಮ ಬೆಳ್ಳಗಾಗಿರುವ ಅಕ್ಕಂದಿರನ್ನು ನೀವೂ ನೋಡಿರುತ್ತೀರಿ. ಕೆರೆತ ಅಥವಾ ಬಣ್ಣ ಬದಲಾಗುವುದು ಕಂಡ ತಕ್ಷಣ ನಿಲ್ಲಿಸಿ, ಡಾಕ್ಟರ್‌ಗೆ ತೋರಿಸಿ.

ಲಿಪ್‌ಸ್ಟಿಕ್‌ನಲ್ಲಿ ಬೀಟ್‌ರೂಟ್ ಬಣ್ಣದ್ದು ನನಗೆ ಇಷ್ಟವಾಗಲಿಲ್ಲ. ಬೀಟ್‌ರೂಟ್‌ನ ಬಣ್ಣ ಬಿಸಿಗೂ ಬೆಳಕಿಗೂ ಕೆಡುತ್ತದೆ, ಒಂದು ಲೋಟ ಕಾಫಿಗೆ ಹೊರಟುಹೋಗುತ್ತದೆ. ಐರನ್ ಆಕ್ಸೈಡ್ ಹಾಕಿದ ಇಟ್ಟಿಗೆ ಕೆಂಪು, ಕಂದು ಬಣ್ಣಗಳು ತುಂಬಾ ಚೆನ್ನಾಗಿ ನಿಲ್ಲುತ್ತವೆ, ನಮ್ಮ ಮೈಬಣ್ಣಕ್ಕೂ ಒಪ್ಪುತ್ತವೆ. ಸಸ್ಯಾಹಾರಿಗಳು ಒಂದನ್ನು ಗಮನಿಸಿ: ಸಿಐ 75470 ಅಥವಾ ಕಾರ್ಮೈನ್ ಎಂದಿದ್ದರೆ ಅದು ಕೊಚಿನೀಲ್ ಎಂಬ ಹುಳುವನ್ನು ಒಣಗಿಸಿ ತೆಗೆದ ಕೆಂಪು. ಅದೂ ‘ನ್ಯಾಚುರಲ್’ ಪಟ್ಟಿಯಲ್ಲೇ ಬರುತ್ತದೆ. ಇನ್ನೊಂದು, ಇವುಗಳನ್ನು ಸ್ಕೂಟರ್ ಡಿಕ್ಕಿಯಲ್ಲಿ ಬಿಡಬೇಡಿ. ಬೇಸಿಗೆಯಲ್ಲಿ ಕರಗುತ್ತವೆ, ಎಣ್ಣೆ ಬೇಗ ಕಮಟು ವಾಸನೆ ಹಿಡಿಯುತ್ತದೆ. ವಾಸನೆ ಬಂದರೆ ಎಸೆಯಿರಿ.

ನನಗೆ ನಿಜವಾಗಿ ಸಿಟ್ಟು ಬಂದಿದ್ದು ಒಂದು ಮುಖದ ಕ್ರೀಮ್ ವಿಷಯದಲ್ಲಿ. ಅಲೋವೆರಾ ರಸ, ಗುಲಾಬಿ ನೀರು, ‘ಪ್ರಿಸರ್ವೇಟಿವ್ ಇಲ್ಲವೇ ಇಲ್ಲ’ ಎಂದು ದೊಡ್ಡದಾಗಿ ಬರೆದಿದ್ದರು. ಬೆಲೆ 650 ರೂಪಾಯಿ. ಹೇಳಿದ ಅವಧಿ ಇನ್ನೂ ಬಾಕಿ ಇರುವಾಗಲೇ ಮುಚ್ಚಳದ ಒಳಗೆ ಬೂಸ್ಟು ಬಂದಿತ್ತು. ಫೋಟೊ ಕಳಿಸಿದರೆ ‘ನ್ಯಾಚುರಲ್ ಆದ್ದರಿಂದ ಹಾಗೆ ಮೇಡಂ, ಅದೇ ಒಳ್ಳೆಯ ಲಕ್ಷಣ’ ಎಂಬ ಉತ್ತರ ಬಂತು. ದುಡ್ಡು ವಾಪಸ್ ಬರಲಿಲ್ಲ. ಇದು ಒಳ್ಳೆಯ ಲಕ್ಷಣ ಅಲ್ಲ. ನೀರು ಇರುವ ಕಡೆ ಬ್ಯಾಕ್ಟೀರಿಯಾ, ಬೂಸ್ಟು ಬೆಳೆಯುತ್ತವೆ. ಅದನ್ನು ತಡೆಯಲು ಹಾಕುವುದೇ ಪ್ರಿಸರ್ವೇಟಿವ್, ಪ್ಯಾರಾಬೆನ್ ಅದರಲ್ಲಿ ಒಂದು ಬಗೆ. ಬೂಸ್ಟು ಬಂದ ಕ್ರೀಮನ್ನು ಕಣ್ಣಿನ ಹತ್ತಿರ ಹಚ್ಚುವುದು ಪ್ಯಾರಾಬೆನ್‌ಗಿಂತ ದೊಡ್ಡ ಅಪಾಯ. ಪ್ಯಾರಾಬೆನ್ ಎಲ್ಲವೂ ಒಂದೇ ಅಲ್ಲ. ಯುರೋಪ್ 2014ರಲ್ಲಿ ಐದು ಬಗೆಯದನ್ನು ನಿಷೇಧಿಸಿತು, ಮೀಥೈಲ್ ಮತ್ತು ಈಥೈಲ್ ಪ್ಯಾರಾಬೆನ್‌ಗಳನ್ನು ಮಿತಿಯೊಳಗೆ ಬಳಸಲು ಬಿಟ್ಟಿತು. ಫಿನಾಕ್ಸಿಎಥನಾಲ್ ಎಂಬ ಇನ್ನೊಂದು ಪ್ರಿಸರ್ವೇಟಿವ್‌ಗೆ ಅಲ್ಲಿ ಶೇ 1ರ ಮಿತಿ ಇದೆ. ಈಗ ನಾನು ನೀರಿಲ್ಲದ, ಬರೀ ಎಣ್ಣೆ-ಮೇಣದ ವಸ್ತು ಕೊಳ್ಳುತ್ತೇನೆ. ನೀರು ಇದ್ದರೆ ಪ್ರಿಸರ್ವೇಟಿವ್ ಇದೆಯಾ ಎಂದು ಹುಡುಕಿ ಕೊಳ್ಳುತ್ತೇನೆ.

ನಮ್ಮ ದೇಶದಲ್ಲೂ ಕಾನೂನು ಇದೆ. ಮೇಕಪ್‌ಗೆ ಹಾಕುವ ಬಣ್ಣದಲ್ಲಿ ಸೀಸ 20 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 20 ಪಾಲು), ಆರ್ಸೆನಿಕ್ 2 ಪಿಪಿಎಂ ಮೀರಬಾರದು. ಸೌಂದರ್ಯವರ್ಧಕಗಳಿಗೇ ಪ್ರತ್ಯೇಕ ನಿಯಮ 2020ರಲ್ಲಿ ಬಂತು. ಹಾಗಾಗಿ ತಯಾರಿಕೆಯ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ವಿಳಾಸ ಇಲ್ಲದ ಡಬ್ಬಿಯನ್ನು ಪ್ರದರ್ಶನದ ಸ್ಟಾಲ್‌ನಲ್ಲಿ ಎಷ್ಟೇ ಪ್ರೀತಿಯಿಂದ ಕೊಟ್ಟರೂ ನಾನು ಕೊಳ್ಳುವುದಿಲ್ಲ. ಮನೆಯಲ್ಲಿ ಕೈಯಾರೆ ಮಾಡಿದ್ದು ಎಂಬ ಮಾತು ಪರೀಕ್ಷೆ ಮಾಡಿಸಿದ್ದಕ್ಕೆ ಸಮ ಅಲ್ಲ.

ಫೌಂಡೇಶನ್ ಇನ್ನೂ ಸಿಕ್ಕಿಲ್ಲ. ಟೈಟಾನಿಯಂ ಡೈಆಕ್ಸೈಡ್, ಜಿಂಕ್ ಆಕ್ಸೈಡ್ ಎಂಬ ಬಿಳಿ ಪುಡಿಗಳು ಜಾಸ್ತಿ ಇರುವವು ನನ್ನ ಎಣ್ಣೆಗೆಂಪು ಮುಖದ ಮೇಲೆ ಬೂದಿ ಬಳಿದ ಹಾಗೆ ಕಾಣುತ್ತವೆ. ನಾಲ್ಕೈದೇ ಬಣ್ಣ ಇಟ್ಟು ‘ಇಂಡಿಯನ್ ಸ್ಕಿನ್’ ಎಂದು ಮಾರುತ್ತಾರೆ. ಸದ್ಯಕ್ಕೆ ಮುಖಕ್ಕೆ ಸುಗಂಧವಿಲ್ಲದ ಸನ್‌ಸ್ಕ್ರೀನ್, ಮೇಲೆ ತೆಳುವಾಗಿ ಪೌಡರ್. ಮದುವೆ ಮನೆಗೆ ಹೋಗುವಾಗ ಮಾತ್ರ ಮಾಮೂಲಿ ವಾಟರ್‌ಪ್ರೂಫ್ ಕಾಡಿಗೆ, ಅದರಲ್ಲೂ ಸುಗಂಧ ಇಲ್ಲದ್ದು. ಮನೆಗೆ ಬಂದ ತಕ್ಷಣ ಹತ್ತಿಗೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ, ಮುಖ ತೊಳೆದು ಮಲಗುತ್ತೇನೆ. ಇಲ್ಲಿಯವರೆಗೆ ರೆಪ್ಪೆಗೆ ಏನೂ ಆಗಿಲ್ಲ.