ಮೆಣಸಿನಕಾಯಿ ವ್ಯಾಪಾರದ ಗೇಮ್: ದರ ಕಟ್ಟುವ ಮೂರು ದಾರಿ

ಬ್ಯಾಡಗಿ, ಹುಬ್ಬಳ್ಳಿ, ಗದಗ ಪೇಟೆಗಳು, ಒಂದು ಲಾರಿ, ಒಣಮೆಣಸಿನಕಾಯಿ. ಇಷ್ಟಿಟ್ಟುಕೊಂಡು ಫೋನ್ ಗೇಮ್ ಕಟ್ಟುವಾಗ ಮೊದಲ ತಲೆನೋವು ದರದ್ದು. ಮೂರು ವಿಧಾನಗಳನ್ನೂ ಹಾಕಿ ಆಡಿಸಿ ನೋಡಿದ್ದರ ಹೋಲಿಕೆ ಇದು. ಅಂಕಿಗಳೆಲ್ಲ ಗೇಮಿನವು, ಪೇಟೆಯ ಧಾರಣೆಯಲ್ಲ.

ರ‍್ಯಾಂಡಮ್ ದರ ಬರೆಯಲು ಸಲೀಸು. ಮೂಲ ದರವನ್ನು ದಿನಾ 0.8ರಿಂದ 1.2ರೊಳಗಿನ ಸಂಖ್ಯೆಯಿಂದ ಗುಣಿಸಿದರಾಯಿತು. ಆದರೆ ಎಷ್ಟು ಚೀಲ ಎತ್ತಿದರೂ ದರ ಕದಲದು. ದುಡ್ಡು ರಾಶಿ ಬೀಳುತ್ತದೆ, ಆಟ ಸಪ್ಪೆಯಾಗುತ್ತದೆ. ಬಿಟ್ಟುಬಿಡಿ.

ದಾಸ್ತಾನಿನ ಸೂತ್ರ ಗಟ್ಟಿ: ದರ = ಮೂಲ ದರ × √(ಸಹಜ ದಾಸ್ತಾನು ÷ ಈಗಿನ ದಾಸ್ತಾನು). ಸಹಜ ದಾಸ್ತಾನು ಎಂದರೆ ಪೇಟೆಯಲ್ಲಿ ಮಾಮೂಲಾಗಿ ಇರುವ ಮಾಲು. ಮೂಲ ದರ ಕ್ವಿಂಟಲಿಗೆ 20,000, ಸಹಜ ದಾಸ್ತಾನೂ ಈಗಿನದೂ 400 ಕ್ವಿಂಟಲ್ ಎನ್ನಿ. 100 ಕೊಂಡರೆ ದರ 23,094ಕ್ಕೆ ಏರುತ್ತದೆ. ಎಡವಟ್ಟಾಗುವುದು ಇಲ್ಲೇ. ನೂರಕ್ಕೂ ಹಳೆಯ 20,000ವೇ ಹಿಡಿದರೆ ಆಟಗಾರ ಏರಿದ ದರಕ್ಕೆ ಅಲ್ಲೇ ತಿರುಗಿ ಮಾರಿ, ಲಾರಿ ಹತ್ತದೆಯೇ 3,09,400 ರೂಪಾಯಿ ಲಾಭ ಎಣಿಸುತ್ತಾನೆ! ಒಂದೊಂದೇ ಕ್ವಿಂಟಲಿಗೆ ದರ ಏರಿಸುತ್ತ ಲೆಕ್ಕ ಹಾಕಿ. ಸರಾಸರಿ ಸುಮಾರು 21,436 ಬೀಳುತ್ತದೆ. ಮೇಲೆ 2% ದಲಾಲಿ, ಚೀಲಕ್ಕಿಷ್ಟು ಹಮಾಲಿ ಸೇರಿಸಿದರೆ ತಿರುಗಿ ಮಾರಿದವನಿಗೆ ನಷ್ಟವೇ. ದಾಸ್ತಾನು 40ಕ್ಕಿಂತ ಕೆಳಗೆ ಇಳಿಯಗೊಡಬೇಡಿ, ಸೊನ್ನೆಯಾದರೆ ಸೂತ್ರವೇ ಕೈಕೊಡುತ್ತದೆ. ಸಹಜ ದಾಸ್ತಾನಿಗೆ ಬಿದ್ದ ಕೊರತೆಯ 10%ರಷ್ಟು ಆವಕ (ಪೇಟೆಗೆ ಬರುವ ಹೊಸ ಮಾಲು) ದಿನಕ್ಕೆ ಸಾಕು. ಜಾಸ್ತಿ ಮಾಡಿದರೆ ದರ ಬೇಗನೆ ಹಳೆಯದಕ್ಕೇ ಮರಳಿ, ಕೋಲ್ಡ್ ಸ್ಟೋರೇಜಿನಲ್ಲಿ ಮಾಲು ಇಡುವ ಯೋಚನೆಯೇ ಯಾರಿಗೂ ಬರುವುದಿಲ್ಲ.

ಟೆಂಡರ್ ವಿಧಾನ ಬ್ಯಾಡಗಿಗೆ ಒಪ್ಪುತ್ತದೆ. ಅಲ್ಲಿ ಸೋಮವಾರ, ಗುರುವಾರ ಲಾಟ್‌ಗಳಿಗೆ (ಮಾರಾಟಕ್ಕಿಟ್ಟ ಮಾಲಿನ ರಾಶಿಗಳಿಗೆ) ವ್ಯಾಪಾರಿಗಳು ದರ ಬರೆಯುವುದೇ ಹಾಗೆ. ಐದು ಕಂಪ್ಯೂಟರ್ ವ್ಯಾಪಾರಿಗಳ ಅಂದಾಜು ಮಾಲಿನ ನಿಜ ಬೆಲೆಯಿಂದ 6% ಆಚೀಚೆ ಇರಲಿ. ಆದರೆ ಗೆಲ್ಲುವವನು ಯಾವಾಗಲೂ ಹೆಚ್ಚು ಬರೆದವನಲ್ಲವೇ? ಹೀಗಾಗಿ ದರ ಸರಾಸರಿ 4% ಮೇಲೆಯೇ ಕೂರುತ್ತದೆ. ಪ್ರತಿಯೊಬ್ಬನ ಬಿಡ್ಡಿನಿಂದ ಅಷ್ಟನ್ನು ಮುರಿದುಕೊಳ್ಳಿ. ಇಪ್ಪತ್ತು ಲಾಟ್ ತೋರಿಸಿದರೆ ಆಡುವವರು ಬೇಸತ್ತು ಎದ್ದುಹೋಗುತ್ತಾರೆ, ಮೂರು ಸಾಕು. ನಮ್ಮ ಆಯ್ಕೆ: ಬ್ಯಾಡಗಿಯಲ್ಲಿ ಡಬ್ಬಿ ಎಂಬ ಮೆಣಸಿನಕಾಯಿ ತಳಿಗೆ ಮಾತ್ರ ಟೆಂಡರ್, ಉಳಿದೆಲ್ಲಕ್ಕೂ ಸೂತ್ರ.

ಪರದೆಯ ಮೇಲೆ ನಕಾಶೆ ಚೆಂದ, ಕೋಷ್ಟಕ ಉಪಯುಕ್ತ. ನಕಾಶೆಯಲ್ಲಿ ದರ ಹೋಲಿಸಲು ಪೇಟೆಪೇಟೆಯನ್ನೂ ಒತ್ತಬೇಕು. ಕೋಷ್ಟಕವೇ ಇರಲಿ, ಆಟಗಾರ ಇಲ್ಲದ ಪೇಟೆಯ ದರದ ಪಕ್ಕ ‘3 ದಿನದ ಹಿಂದಿನದು’ ಎಂದು ತೋರಿಸಿ. ಎಷ್ಟು ಚೀಲ ಎಂದು ಆರಿಸಲು ಜಾರುಪಟ್ಟಿ (ಸ್ಲೈಡರ್) ಇಟ್ಟರೆ 137 ಚೀಲಕ್ಕೆ ಬೆರಳು ನಿಲ್ಲದು. 1, 10, 50, ‘ಲಾರಿ ತುಂಬ’ ಎಂಬ ಗುಂಡಿಗಳು ವಾಸಿ. ಗುಂಡಿಯ ಎತ್ತರ ಇಂಗ್ಲಿಷ್ ಅಕ್ಷರಕ್ಕೆ ಅಳೆದಿದ್ದರೆ ‘ಹುಬ್ಬಳ್ಳಿ’ಯ ಒತ್ತಕ್ಷರಗಳು ಕತ್ತರಿಸಿಹೋಗುತ್ತವೆ, ಸಾಲಿನ ಎತ್ತರ ಅಕ್ಷರದ ಒಂದೂವರೆ ಪಟ್ಟು ಇಡಿ.